ಧ್ಯಾನ ಹೇಳಿಕೊಡುವ ಮೊದಲು ನೋವು ಕೇಳಿ

ಬೆನ್ನುನೋವು ಎಂದರೆ ಧ್ಯಾನ ಮಾಡಿ. ಮೈಗ್ರೇನ್ ಎಂದರೆ ಧ್ಯಾನ ಮಾಡಿ. ಮುಟ್ಟಿನ ಹೊಟ್ಟೆನೋವು ತಡೆಯಲಾಗುತ್ತಿಲ್ಲ ಎಂದರೂ ಧ್ಯಾನ ಮಾಡಿ. ಈ ಸಲಹೆ ಕೊಡಲು ವೈದ್ಯರೇ ಆಗಿರಬೇಕೆಂದಿಲ್ಲ. ಹಾಸ್ಟೆಲ್ ವಾರ್ಡನ್, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಕಂಪನಿಯ ಎಚ್‌ಆರ್, ಪಿಎಚ್‌ಡಿ ಗೈಡ್, ಎಲ್ಲರ ನಾಲಿಗೆಯ ತುದಿಯಲ್ಲೂ ಅದು ಸಿದ್ಧವಾಗಿರುತ್ತದೆ. ಕೊಡುವವರಿಗೆ ಖರ್ಚಿಲ್ಲ, ಕೊಟ್ಟ ಮೇಲೆ ಹೊಣೆಯೂ ಇಲ್ಲ. ನೋವು ಕಡಿಮೆಯಾದರೆ ಧ್ಯಾನದ ಮಹಿಮೆ. ಆಗದಿದ್ದರೆ ನಿಮ್ಮ ಶ್ರದ್ಧೆ ಸಾಲದು.

ನಾನು ಧ್ಯಾನದ ವಿರೋಧಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ವರ್ಷದಿಂದ ಸೊಂಟನೋವಿನ ಜೊತೆ ಸಂಸಾರ ಮಾಡುತ್ತಿದ್ದೇನೆ. ಎರಡು ವರ್ಷದಿಂದ ರಾತ್ರಿ ಮಲಗುವ ಮುಂಚೆ ಇಪ್ಪತ್ತು ನಿಮಿಷ, ಕಿವಿಯಲ್ಲಿ ಒಂದು ದನಿ ಹೇಳುತ್ತಾ ಹೋದಂತೆ, ಕಾಲ್ಬೆರಳಿನಿಂದ ನೆತ್ತಿಯವರೆಗೆ ಮೈಯನ್ನು ಗಮನಿಸುತ್ತೇನೆ. ನೋವು ಹೋಗಿಲ್ಲ. ಆದರೆ ಅದರ ಹಿಂದೆಯೇ ಬರುತ್ತಿದ್ದ ಗಿರಣಿಯ ಸದ್ದು, 'ನಾಳೆಯೂ ಹೀಗೇ ಇದ್ದರೆ? ಥೀಸಿಸ್ ಯಾವಾಗ ಮುಗಿಯುತ್ತದೆ? ಜೀವನಪೂರ್ತಿ ಹೀಗೆಯೇ?' ಎಂಬ ಸದ್ದು, ಬಹಳ ಇಳಿದಿದೆ. ನಿದ್ದೆ ಬರುತ್ತದೆ. ಇದು ಸಣ್ಣ ಲಾಭವಲ್ಲ. ಹೀಗೆ ಉಪಕಾರ ಕಂಡವರಾಗಿಯೇ ಜಗಳಕ್ಕೆ ನಿಂತಿದ್ದೇನೆ. ನನ್ನ ವಾದ ಇಷ್ಟು: ದನಿ ಕೇಳುತ್ತಾ ಮಾಡುವ ಈ ಧ್ಯಾನ ಮೂಲತಃ ನೋವಿಗೆ ಕಿವಿಗೊಡುವ ಅಭ್ಯಾಸ. ಅದನ್ನು ನಾವು ನೋವಿರುವವರ ಬಾಯಿ ಮುಚ್ಚಿಸುವ ಉಪಾಯ ಮಾಡಿಕೊಂಡಿದ್ದೇವೆ. ಎದುರಿಗಿರುವವರ ನೋವನ್ನು ಕೇಳಿಸಿಕೊಳ್ಳದವರಿಗೆ ಧ್ಯಾನ ಸೂಚಿಸುವ ಹಕ್ಕಿಲ್ಲ.

ಮೊದಲು ಈ ಧ್ಯಾನ ಏನು ಮಾಡುತ್ತದೆ, ಎಷ್ಟು ಮಾಡುತ್ತದೆ ಎಂಬುದನ್ನು ನೋಡೋಣ. ಅದಿಲ್ಲದೆ ಜಗಳ ಬರೀ ಜಗಳವಾಗುತ್ತದೆ.

ಆಸ್ಪತ್ರೆಯೊಳಗೆ ಇದರ ಚರಿತ್ರೆ ಬಹಳ ಹಳೆಯದಲ್ಲ. 1979ರಲ್ಲಿ ಜಾನ್ ಕಬಾಟ್-ಝಿನ್ ಎಂಬುವರು ಅಮೆರಿಕದ ವೂಸ್ಟರ್‌ನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕ್ಲಿನಿಕ್ ತೆರೆದರು. ಮಾಮೂಲು ಚಿಕಿತ್ಸೆಯಿಂದ ಗುಣ ಕಾಣದ ದೀರ್ಘಕಾಲದ ರೋಗಿಗಳನ್ನು ವೈದ್ಯರು ಅಲ್ಲಿಗೆ ಕಳಿಸುತ್ತಿದ್ದರು. ಅಲ್ಲಿನ ಮುಖ್ಯ ಅಭ್ಯಾಸ 'ಬಾಡಿ ಸ್ಕ್ಯಾನ್'. ಅಂಗಾತ ಮಲಗಿ, 45 ನಿಮಿಷದ ಕ್ಯಾಸೆಟ್ ಹಾಕಿಕೊಂಡು, ಎಡಗಾಲಿನ ಬೆರಳುಗಳಿಂದ ಆರಂಭಿಸಿ ಮೈಯ ಒಂದೊಂದೇ ಭಾಗಕ್ಕೆ ಗಮನ ಕೊಡುತ್ತಾ ಮೇಲೆ ಬರುವುದು. ನೋವಿನ ಜಾಗ ಬಂದಾಗ ಅದನ್ನು ಹಾರಿಸಿ ಹೋಗುವಂತಿಲ್ಲ. ಅಲ್ಲಿಯೂ ನಿಲ್ಲಬೇಕು, ಅಲ್ಲಿ ಏನಿದೆ ಎಂದು ನೋಡಬೇಕು. 1982ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದಲ್ಲಿ ದೀರ್ಘಕಾಲದ ನೋವಿನ 51 ರೋಗಿಗಳಿದ್ದರು. ಹತ್ತು ವಾರಗಳ ಕೊನೆಗೆ ಅವರಲ್ಲಿ ಶೇ. 65 ಜನರ ನೋವಿನ ಅಂಕ ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಇಳಿದಿತ್ತು. ಆದರೆ ಹೋಲಿಸಿ ನೋಡಲು ಧ್ಯಾನ ಮಾಡದ ಇನ್ನೊಂದು ಗುಂಪು ಅದರಲ್ಲಿರಲಿಲ್ಲ. ತಾನಾಗಿಯೇ ಇಳಿಯಬಹುದಾಗಿದ್ದ ನೋವೆಷ್ಟು, ಧ್ಯಾನದಿಂದ ಇಳಿದದ್ದೆಷ್ಟು ಎಂದು ಬೇರ್ಪಡಿಸುವಂತಿರಲಿಲ್ಲ.

ಹೋಲಿಕೆ ಇದ್ದ ದೊಡ್ಡ ಪ್ರಯೋಗದ ಫಲಿತಾಂಶ 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ದೀರ್ಘಕಾಲದ ಸೊಂಟನೋವಿನ 342 ಜನರನ್ನು ಮೂರು ಗುಂಪು ಮಾಡಿದ್ದರು: ಒಂದಕ್ಕೆ ಎಂಟು ವಾರ, ವಾರಕ್ಕೆ ಎರಡು ಗಂಟೆ ಧ್ಯಾನದ ತರಗತಿ, ಇನ್ನೊಂದಕ್ಕೆ ಅಷ್ಟೇ ಅವಧಿಯ ಮನಶ್ಶಾಸ್ತ್ರೀಯ ತರಬೇತಿ, ಮೂರನೆಯದಕ್ಕೆ ಮಾಮೂಲು ಚಿಕಿತ್ಸೆ. ಆರು ತಿಂಗಳ ನಂತರ, ನೋವಿನ ಕಾಟ ಗಮನಾರ್ಹವಾಗಿ ಕಡಿಮೆಯಾಯಿತು ಎಂದವರು ಧ್ಯಾನದ ಗುಂಪಿನಲ್ಲಿ ಸುಮಾರು ಶೇ. 44, ಮನಶ್ಶಾಸ್ತ್ರೀಯ ತರಬೇತಿಯಲ್ಲಿ ಶೇ. 45, ಮಾಮೂಲು ಚಿಕಿತ್ಸೆಯಲ್ಲಿ ಶೇ. 27. ಎಂಟು ತರಗತಿಗಳಲ್ಲಿ ಆರಕ್ಕಾದರೂ ಹಾಜರಾದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಮಾತ್ರ. 2017ರಲ್ಲಿ 38 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಒಂದು ವಿಶ್ಲೇಷಣೆ, ಧ್ಯಾನದಿಂದ ನೋವು ಸ್ವಲ್ಪ ಇಳಿಯುತ್ತದೆ, ಆದರೆ ಆಧಾರಗಳ ಗುಣಮಟ್ಟ ಇನ್ನೂ ಸಾಲದು ಎಂದಿತು.

ಈ ಅಂಕಿಗಳನ್ನು ಎರಡು ಬಣದವರೂ ಓದಬೇಕು. ಧ್ಯಾನವೆಂದರೆ ಬರೀ ಭ್ರಮೆ ಎಂದು ನಗುವ ವಿಚಾರವಾದಿ ಗೆಳೆಯರು, 44ಕ್ಕೂ 27ಕ್ಕೂ ಇರುವ ಅಂತರವನ್ನು ಗಮನಿಸಲಿ. ಧ್ಯಾನದಿಂದ ಎಲ್ಲ ನೋವೂ ಮಾಯ ಎಂದು ವಿಡಿಯೊ ಮಾಡುವವರು, ನೂರರಲ್ಲಿ ಐವತ್ತಾರು ಜನರಿಗೆ ಅಂಥ ಗುಣವೇನೂ ಕಾಣಲಿಲ್ಲ ಎಂಬುದನ್ನು ಗಮನಿಸಲಿ. ಆ ಐವತ್ತಾರು ಜನರ ಶ್ರದ್ಧೆಯಲ್ಲಿ ದೋಷ ಹುಡುಕುವ ಮೊದಲು ಸ್ವಲ್ಪ ನಾಚಿಕೆಪಡಲಿ.

ಇನ್ನು, ಧ್ಯಾನ ಏನನ್ನು ಬದಲಿಸುತ್ತದೆ? ಬೌದ್ಧರ ಸಂಯುತ್ತ ನಿಕಾಯದಲ್ಲಿ ಎರಡು ಬಾಣಗಳ ದೃಷ್ಟಾಂತವೊಂದಿದೆ. ಮೈಗೆ ತಗಲುವ ನೋವು ಮೊದಲ ಬಾಣ. ಅದಕ್ಕೆ ಮನಸ್ಸು ಸೇರಿಸಿಕೊಳ್ಳುವ ಗೋಳು ಎರಡನೆಯದು. ಅಭ್ಯಾಸ ತಡೆಯುವುದು ಎರಡನೆಯ ಬಾಣವನ್ನು. ಇಂದಿನ ಪ್ರಯೋಗಾಲಯದ ಮಾತೂ ಇದಕ್ಕೆ ದೂರವಿಲ್ಲ. 2011ರ ಒಂದು ಅಧ್ಯಯನದಲ್ಲಿ ನಾಲ್ಕು ದಿನ ಧ್ಯಾನ ಕಲಿತ 15 ಜನರ ಚರ್ಮಕ್ಕೆ ಬಿಸಿ ತಾಗಿಸಿ ನೋಡಿದಾಗ, ನೋವಿನ ತೀವ್ರತೆ ಶೇ. 40ರಷ್ಟು ಕಡಿಮೆ ಎನ್ನಿಸಿದರೆ ಅದರ ಅಸಹನೀಯತೆ ಶೇ. 57ರಷ್ಟು ಕಡಿಮೆ ಎನ್ನಿಸಿತು. ಅವರೆಲ್ಲ ಆರೋಗ್ಯವಂತರು, ಪ್ರಯೋಗ ಮುಗಿದ ಮೇಲೆ ಎದ್ದು ಮನೆಗೆ ಹೋದವರು. ವರ್ಷಗಟ್ಟಲೆ ನೋಯುವವರ ಬಗ್ಗೆ ಅಷ್ಟರಿಂದ ತೀರ್ಮಾನ ಹೇಳಲಾಗದು. ಆದರೂ ನೋವು ಮತ್ತು ನೋವಿನ ಕಾಟ ಪೂರ್ತಿ ಒಂದೇ ಅಲ್ಲ ಎಂಬುದು ಅಲ್ಲಿ ಕಾಣುತ್ತದೆ. ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳಿಗೆ ಒಂದು ಬಾಗಿಲಿದೆ, ಮೇಲಿನಿಂದ ಮಿದುಳೂ ಅದನ್ನು ಹಿಗ್ಗಿಸಬಲ್ಲದು, ಕುಗ್ಗಿಸಬಲ್ಲದು ಎಂಬ ಸಿದ್ಧಾಂತ ಮಂಡಿಸಿದ್ದರು. ಅದರ ವಿವರಗಳು ಆಮೇಲೆ ತಿದ್ದುಪಡಿಯಾಗಿವೆ, ಆದರೆ ಮಿದುಳಿಗೆ ಅದರಲ್ಲಿ ಪಾಲಿದೆ ಎಂಬ ಮಾತು ನಿಂತಿದೆ.

ಇಲ್ಲಿಯೇ ಮೋಸ ಶುರುವಾಗುವುದು. 'ಮಿದುಳಿಗೆ ಪಾಲಿದೆ' ಎಂಬುದು ನಮ್ಮಲ್ಲಿ ಬಹುಬೇಗ 'ಎಲ್ಲಾ ನಿಮ್ಮ ತಲೆಯಲ್ಲಿದೆ' ಎಂದಾಗುತ್ತದೆ. ನಗರದ ಒಂದು ಆಸ್ಪತ್ರೆಯಲ್ಲಿ ನನ್ನ ಎಂಆರ್‌ಐ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ ವೈದ್ಯರೊಬ್ಬರು, ನನ್ನ ಸೊಂಟವನ್ನು ಮುಟ್ಟದೆ, ಯಾವಾಗ ನೋಯುತ್ತದೆ ಎಂದು ಕೇಳದೆ, 'ಇದರಲ್ಲಿ ಏನೂ ಇಲ್ಲ, ಟೆನ್ಷನ್ ಜಾಸ್ತಿ, ಮೆಡಿಟೇಶನ್ ಮಾಡಿ' ಎಂದರು. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು, ಅವರ ಅವಸರ ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು ಆ ತರ್ಕ. ಹಾಳೆಗೂ ನೋವಿಗೂ ಲೆಕ್ಕ ಸರಿಹೊಂದುವುದಿಲ್ಲ ಎಂದು ವೈದ್ಯಶಾಸ್ತ್ರವೇ ಹೇಳುತ್ತದೆ. ನೋವೇ ಇಲ್ಲದವರ ಬೆನ್ನಿನ ಚಿತ್ರಗಳ ಬಗೆಗಿನ ಅಧ್ಯಯನಗಳನ್ನು ಕಲೆಹಾಕಿದ 2015ರ ಒಂದು ವಿಮರ್ಶೆಯ ಪ್ರಕಾರ, ಇಪ್ಪತ್ತರ ಪ್ರಾಯದವರಲ್ಲೇ ಶೇ. 37 ಜನರ ಡಿಸ್ಕ್ ಸವೆದಿರುತ್ತದೆ, ಎಂಬತ್ತರಲ್ಲಿ ಶೇ. 96. ಚಿತ್ರದಲ್ಲಿ ಸವೆತ ಇದ್ದೂ ನೋವಿಲ್ಲದಿರಬಹುದಾದರೆ, ಚಿತ್ರದಲ್ಲಿ ಏನೂ ಕಾಣದೆಯೂ ನೋವಿರಬಹುದು.

ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ, ಅಂಗಾಂಶಕ್ಕೆ ಪೆಟ್ಟಾಗಿರಲೇಬೇಕೆಂದಿಲ್ಲ, ಆದಂಥ ಅನುಭವವೂ ನೋವೇ ಎಂದಿತು. ಜೊತೆಗೆ, ನೋಯುತ್ತಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂಬ ಟಿಪ್ಪಣಿಯನ್ನೂ ಸೇರಿಸಿತು. ವಿಜ್ಞಾನದ ವ್ಯಾಖ್ಯೆಯೊಳಗೆ 'ಗೌರವ' ಎಂಬ ಮಾತು ಸುಮ್ಮನೆ ಬಂದಿಲ್ಲ. ಅಗೌರವ ಅಷ್ಟು ನಡೆದಿರುವುದರಿಂದ ಬಂದಿದೆ.

ಅಗೌರವಕ್ಕೆ ಬೆಲೆ ತೆರುವವರು ರೋಗಿಗಳು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಕಾಯಿಲೆ ಸಾಮಾನ್ಯವಾಗಿ ನಲವತ್ತೈದರೊಳಗೆ, ಹೆಚ್ಚಾಗಿ ನನ್ನ ವಯಸ್ಸಿನವರಲ್ಲಿ, ಸೊಂಟನೋವಾಗಿಯೇ ಶುರುವಾಗುತ್ತದೆ. ಬೆಳಿಗ್ಗೆ ಏಳುವಾಗ ಬೆನ್ನು ಬಹಳ ಹೊತ್ತು ಮರದ ಹಾಗೆ ಸೆಟೆದಿರುತ್ತದೆ; ಓಡಾಡಿದರೆ ಸಡಿಲವಾಗುತ್ತದೆ, ಮಲಗಿದರೆ ಹೆಚ್ಚಾಗುತ್ತದೆ. ಅದಕ್ಕೆ ಔಷಧವಿದೆ. ಹೆಣ್ಣುಮಕ್ಕಳ ಎಂಡೋಮೆಟ್ರಿಯೋಸಿಸ್ 'ಎಲ್ಲರಿಗೂ ಆಗುವ ಮುಟ್ಟಿನ ನೋವು' ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. ಇವರಿಗೆ ಮೊದಲ ಭೇಟಿಯಲ್ಲೇ ಧ್ಯಾನ ಬರೆದುಕೊಟ್ಟರೆ ಕಳೆದುಹೋಗುವುದು ಅವರ ವರ್ಷಗಳು. ಎರಡನೆಯ ಬಾಣದ ಮಾತಾಡುವವರು ಮೊದಲ ಬಾಣ ಇನ್ನೂ ಮೈಯಲ್ಲಿ ನೆಟ್ಟಿದೆಯೇ ಎಂದು ನೋಡುವುದು ಕನಿಷ್ಠ ಕರ್ತವ್ಯ.

ಇದಕ್ಕೆ ಪ್ರತಿಯಾಗಿ ಕೇಳಿಬರುವುದು ಹೆಮ್ಮೆಯ ಮಾತು: ಇದೆಲ್ಲ ನಮ್ಮ ಪೂರ್ವಿಕರು ಕಂಡುಕೊಂಡದ್ದು, ನೋವಿಗೆ ಇದಕ್ಕಿಂತ ಮದ್ದುಂಟೇ? ಸತ್ಯನಾರಾಯಣ ಗೋಯೆಂಕಾ ಅವರ ಕಥೆಯನ್ನು ಇವರು ಒಮ್ಮೆ ನೆನಪಿಸಿಕೊಳ್ಳಬೇಕು. ಬರ್ಮಾದ ದೊಡ್ಡ ವ್ಯಾಪಾರಿ ಅವರು. ಭೀಕರ ಮೈಗ್ರೇನ್. ನೋವು ತಡೆಯಲು ಮಾರ್ಫಿನ್ ಚುಚ್ಚಿಸಿಕೊಳ್ಳಬೇಕಾಗಿತ್ತು, ಅದಕ್ಕೇ ದಾಸರಾಗುವ ಭಯವಿತ್ತು. 1955ರಲ್ಲಿ ಅವರು ಸಯಾಗ್ಯಿ ಉ ಬಾ ಖಿನ್ ಬಳಿ ಹೋದಾಗ ಗುರುಗಳು ಮೊದಲು ಒಪ್ಪಲಿಲ್ಲ. ತಲೆನೋವು ವಾಸಿಯಾಗಲೆಂದು ಬಂದಿದ್ದರೆ ಇದು ಅದಕ್ಕಲ್ಲ, ದೇಹದ ಕಾಯಿಲೆಗೆಂದು ಧಮ್ಮದ ಬೆಲೆ ಇಳಿಸಬೇಡಿ ಎಂದರು. ಇದನ್ನು ಮತ್ತೆ ಮತ್ತೆ ಹೇಳಿಕೊಂಡವರು ಗೋಯೆಂಕಾ ಅವರೇ. ಅವರ ತಲೆನೋವು ಆಮೇಲೆ ಹೋಯಿತು, ಅದು ಬೇರೆ ಮಾತು. ಕಬಾಟ್-ಝಿನ್ ಅವರ ಬಾಡಿ ಸ್ಕ್ಯಾನ್ ಕೂಡ ಇದೇ ಉ ಬಾ ಖಿನ್ ಪರಂಪರೆಯ ದೇಹವೀಕ್ಷಣೆಗೆ ಋಣಿ. ಪರಂಪರೆಯವರೇ ನೋವಿನ ಗುಳಿಗೆಯೆಂದು ಮಾರಲು ಒಪ್ಪದಿದ್ದದ್ದನ್ನು ಪರಂಪರೆಯ ಹೆಸರಿನಲ್ಲಿ ನಾವು ಮಾರುತ್ತಿದ್ದೇವೆ.

ಅಮೆರಿಕದಲ್ಲಿ ಧ್ಯಾನಕ್ಕೆ ಆಸ್ಪತ್ರೆಗಳ ಬಾಗಿಲು ಈಚೆಗೆ ಅಗಲವಾಗಿ ತೆರೆದದ್ದರ ಹಿಂದೆ ಅಲ್ಲಿನದೇ ದುರಂತವಿದೆ. ಅಫೀಮು ಜಾತಿಯ ಮಾತ್ರೆಗಳನ್ನು ವಿವೇಚನೆಯಿಲ್ಲದೆ ಬರೆದುಕೊಟ್ಟು ಲಕ್ಷಾಂತರ ಜನ ವ್ಯಸನಿಗಳಾದರು, ಬಹಳ ಜನ ಸತ್ತರು. ಮಾತ್ರೆಯಿಲ್ಲದ ದಾರಿಗಳ ಹುಡುಕಾಟ ಆಗ ಜೋರಾಯಿತು. 2017ರಲ್ಲಿ ಅಲ್ಲಿನ ವೈದ್ಯರ ಕಾಲೇಜು ದೀರ್ಘಕಾಲದ ಸೊಂಟನೋವಿಗೆ ಮೊದಲು ಏನು ಮಾಡಬೇಕೆಂದು ಸೂಚಿಸಿದ ಪಟ್ಟಿಯಲ್ಲಿ ವ್ಯಾಯಾಮ, ಹಲವು ವಿಭಾಗದ ತಜ್ಞರು ಕೂಡಿ ಕೊಡುವ ಪುನಶ್ಚೇತನ, ಅಕ್ಯುಪಂಕ್ಚರ್, ಯೋಗ, ಮನಶ್ಶಾಸ್ತ್ರೀಯ ಚಿಕಿತ್ಸೆ ಎಲ್ಲ ಇವೆ, ಧ್ಯಾನ ಅವುಗಳಲ್ಲೊಂದು. ಆ ಪಟ್ಟಿ ನಮ್ಮೂರಿಗೆ ಬರುವಾಗ ಉಳಿದವೆಲ್ಲ ದಾರಿಯಲ್ಲೇ ಬಿದ್ದುಹೋಗಿ ಧ್ಯಾನವೊಂದೇ ತಲುಪಿದೆ. ಕಾರಣ ಗುಟ್ಟೇನಲ್ಲ: ಫಿಸಿಯೋಥೆರಪಿಸ್ಟರಿಗೆ ಸಂಬಳ ಕೊಡಬೇಕು, ಆಡಿಯೊಗೆ ಕೊಡಬೇಕಿಲ್ಲ. ನಮ್ಮಲ್ಲಿ ಬಹುಪಾಲು ರೋಗಿಗಳ ಸಂಕಟ ಅಮೆರಿಕದ್ದಕ್ಕೆ ತಿರುಗುಮುರುಗು. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಈ ದೇಶದಲ್ಲಿ, 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದಾಗಿ ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ಸಿಗುವುದು ದುಸ್ತರವಾಗಿತ್ತು. ಅದನ್ನು ಸಡಿಲಿಸಲು 2014ರ ತಿದ್ದುಪಡಿಯೇ ಬೇಕಾಯಿತು. ಚಿಕಿತ್ಸೆ ಅತಿಯಾದ ಕಡೆ ಹುಟ್ಟಿದ ಸಲಹೆಯನ್ನು ಚಿಕಿತ್ಸೆಯೇ ಮುಟ್ಟದ ಕಡೆಗೆ ತಂದು ಹಂಚುವುದನ್ನು ನಾನು ಆರೋಗ್ಯ ಸೇವೆ ಎನ್ನಲಾರೆ.

ನನ್ನದು ಮಲೆನಾಡು. ಅಡಿಕೆ ಸುಲಿಯುವ ಕಾಲದಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ, ಎಷ್ಟೋ ಸಲ ನಡುರಾತ್ರಿಯವರೆಗೆ. ಅವರ ಸೊಂಟಕ್ಕೆ ಬೇಕಾದದ್ದು ಕೂರುವ ಎತ್ತರದ ಬದಲಾವಣೆ, ನಡುವೆ ಏಳುವ ಬಿಡುವು, ಕೂಲಿಯ ಲೆಕ್ಕದಲ್ಲಿ ಆ ಬಿಡುವಿಗೂ ಜಾಗ. ನಾನು ಓದುವ ವಿಶ್ವವಿದ್ಯಾಲಯದಲ್ಲಿ ಪ್ರತಿ ಜೂನ್ 21ಕ್ಕೆ ಮೈದಾನದ ತುಂಬ ಚಾಪೆ ಹಾಸುತ್ತಾರೆ. ಗ್ರಂಥಾಲಯದಲ್ಲಿ ಬೆನ್ನಿಗೆ ಆಸರೆಯಿರುವ ನಾಲ್ಕು ಕುರ್ಚಿ ಕೊಡಿ ಎಂದು ನಾವು ಬರೆದ ಮನವಿಗೆ ಎರಡು ವರ್ಷವಾದರೂ ಉತ್ತರವಿಲ್ಲ. ನೋವು ಹುಟ್ಟಿಸುವ ಬೆಂಚನ್ನು ಹಾಗೇ ಬಿಟ್ಟು, ಅದರ ಮೇಲೆ ಕೂತವರಿಗೆ ಉಸಿರಾಟ ಗಮನಿಸಲು ಹೇಳಿದರೆ ಲಾಭ ಯಾರಿಗೆ ಎಂದು ಕೇಳಲೇಬೇಕು.

ಇಷ್ಟು ಹೇಳಿದ ಮೇಲೆ ಸಾಹಿತ್ಯದವರು ಸೇರುವ ಈ ಪುಟದಲ್ಲಿ ಎತ್ತಲೇಬೇಕಾದ ಮಾತೊಂದಿದೆ. ಗೈಡೆಡ್ ಮೆಡಿಟೇಶನ್ ಎಂದರೆ ಕೊನೆಗೂ ಒಂದು ಪಠ್ಯ. ಯಾರೋ ಬರೆದು ಯಾರೋ ಓದುವ ಮಾತು. ಮಾತೇ ಅದರ ಮದ್ದು. ಹಾಗಿದ್ದರೆ ಕನ್ನಡದಲ್ಲಿ ಆ ಮಾತು ಹೇಗಿದೆ? ನಾನು ಕೇಳಿದ ಕನ್ನಡದ ಆಡಿಯೊಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ನೆರಳು. 'ನಿಮ್ಮ ಗಮನವನ್ನು ನಿಮ್ಮ ಬಲಗಾಲಿನ ಕಾಫ್ ಮಸಲ್‌ಗೆ ತೆಗೆದುಕೊಂಡು ಬನ್ನಿ' ಎನ್ನುತ್ತಾರೆ. ಮೀನಖಂಡ ಎಂಬ ಚೆಂದದ ಮಾತು ನಮ್ಮ ಅಜ್ಜಿಯರ ಬಾಯಲ್ಲೇ ಇದೆ. ಹಿಮ್ಮಡಿ, ಅಂಗಾಲು, ಕಣಕಾಲು, ಕಿಬ್ಬೊಟ್ಟೆ, ಪಕ್ಕೆ, ರಟ್ಟೆ, ಹೆಗಲು: ಬಾಡಿ ಸ್ಕ್ಯಾನ್‌ಗೆ ಬೇಕಾದ ಇಡೀ ನಕ್ಷೆ ಮನೆಮಾತಿನಲ್ಲಿದೆ. ಇನ್ನು ಕೆಲವು ಆಡಿಯೊಗಳು ಇದಕ್ಕೆ ವಿರುದ್ಧ ದಿಕ್ಕಿಗೆ ಹೋಗಿ, ಉಪನಿಷತ್ತಿನ ಪ್ರವಚನದ ಧಾಟಿಯಲ್ಲಿ ದೇಹವನ್ನು 'ನಶ್ವರ' ಎನ್ನುತ್ತವೆ. ನೋಯುತ್ತಿರುವ ಸೊಂಟಕ್ಕೆ ಅದು ಸಮಾಧಾನದ ಮಾತಲ್ಲ.

ಅದಕ್ಕಿಂತ ಆಳದ ತೊಡಕು ಕ್ರಿಯಾಪದದಲ್ಲಿದೆ. 'ನಿಮ್ಮ ನೋವನ್ನು ಬಿಟ್ಟುಬಿಡಿ' ಎನ್ನುತ್ತದೆ ದನಿ. ಮೊದಲು ನೋವನ್ನು ನನ್ನ ಆಸ್ತಿ ಮಾಡಿ, ಆಮೇಲೆ ಕೈಚೀಲದಂತೆ ಕೆಳಗಿಡಲು ಹೇಳುತ್ತದೆ. ಇಡಲಾಗದಿದ್ದರೆ ತಪ್ಪು ನನ್ನದು. ನಮ್ಮ ಮನೆಮಾತಿನಲ್ಲಿ ನೋವು ಹೀಗೆ ಬರುವುದೇ ಇಲ್ಲ. 'ನನಗೆ ಸೊಂಟ ನೋಯ್ತಿದೆ' ಎನ್ನುತ್ತೇವೆ. ನೋಯುವುದು ಸೊಂಟ, ನಾನು ಆ ಸಂಗತಿ ಯಾರಿಗೆ ಆಗುತ್ತಿದೆಯೋ ಅವರು. ಚಳುಕು ಹೊಡೆಯಿತು, ಜೋಮು ಹಿಡಿಯಿತು, ಸೆಳೆತ ಬಂತು: ಎಲ್ಲವೂ ಬರುವಂಥವು, ಹಿಡಿಯುವಂಥವು, ಬಿಡುವಂಥವು. ವ್ಯಾಕರಣದಿಂದ ಸೊಂಟನೋವು ವಾಸಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ನೋವನ್ನು ಆಗುತ್ತಿರುವ ಒಂದು ಸಂಗತಿಯಾಗಿ ನೋಡು ಎಂದು ಕಲಿಸಲು ಧ್ಯಾನ ಎಂಟು ವಾರ ತೆಗೆದುಕೊಳ್ಳುತ್ತದೆ; ಆ ನೋಟಕ್ಕೆ ಒಗ್ಗುವ ವಾಕ್ಯ ನಮ್ಮ ಬಾಯಲ್ಲಿ ಆಗಲೇ ಇರುವಾಗ ಅದನ್ನು ಕಿತ್ತುಹಾಕಿ ಅನುವಾದದ ವಾಕ್ಯ ಏಕೆ ತುಂಬುತ್ತೀರಿ ಎಂದಷ್ಟೇ ಕೇಳುತ್ತಿದ್ದೇನೆ.

ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಮೆಕ್‌ಗಿಲ್ ನೋವಿನ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳಿವೆ, 20 ಗುಂಪುಗಳಲ್ಲಿ. ರೋಗಿ ಯಾವ ಪದ ಆರಿಸಿದರು ಎಂಬುದು ವೈದ್ಯರಿಗೆ ಸುಳಿವು. ಉರಿ ಎಂದರೆ ಒಂದು, ತಿವಿತ ಎಂದರೆ ಇನ್ನೊಂದು. ನಮ್ಮ ಆಸ್ಪತ್ರೆಗಳಲ್ಲಿ ನಾನು ಕೇಳಿಸಿಕೊಂಡದ್ದು ಒಂದೇ ಪ್ರಶ್ನೆ: ಹತ್ತರಲ್ಲಿ ಎಷ್ಟು? ನನ್ನ ಅಮ್ಮನನ್ನು ಹಾಗೆ ಕೇಳಿದರೆ ಅವಳು ತಬ್ಬಿಬ್ಬಾಗುತ್ತಾಳೆ. 'ಬೆನ್ನಿಗೆ ಕೆಂಡ ಇಟ್ಟಂಗಾಗ್ತದೆ' ಎನ್ನುವುದು ಅವಳ ಉತ್ತರ. ಆ ಉತ್ತರದಲ್ಲಿ ಏಳೂವರೆ ಎಂಬುದಕ್ಕಿಂತ ಹೆಚ್ಚು ಮಾಹಿತಿಯಿದೆ. ಅನುಪಮಾ ನಿರಂಜನ 'ತಾಯಿ-ಮಗು', 'ದಾಂಪತ್ಯ ದೀಪಿಕೆ' ಬರೆದಾಗ ವೈದ್ಯಶಾಸ್ತ್ರ ಕನ್ನಡದ ಮನೆಯೊಳಕ್ಕೆ ಬಂದು ಕೂತಿತ್ತು. ಓದುವ ಹೆಂಗಸು ಕೇಳಬಹುದಾದ ಪ್ರಶ್ನೆ ಏನೆಂದು ಆ ಲೇಖಕಿಗೆ ಗೊತ್ತಿತ್ತು. ನೋವಿನ ಬಗ್ಗೆ ಅಂಥ ಕೆಲಸ ಈಗ ಆಗಬೇಕು. ಕಥೆ ಬರೆಯಬಲ್ಲವರು, ನಾಟಕದ ದನಿ ಪಳಗಿದವರು, ಮನೋವೈದ್ಯರು, ಫಿಸಿಯೋಥೆರಪಿಸ್ಟರು ಕೂಡಿ ಕೂತು ಮಾಡುವ ಕೆಲಸ ಅದು. ಅಲ್ಲಿ 'ನೋವನ್ನು ಮರೆಯಿರಿ' ಎಂಬ ಆಜ್ಞೆ ಬೇಡ. 'ಈಗ ಅಲ್ಲಿ ಏನಾಗುತ್ತಿದೆ? ಉರಿಯೋ, ಸೆಳೆತವೋ? ತಡೆಯಲಾಗದಿದ್ದರೆ ಮಗ್ಗಲು ಬದಲಿಸಿ, ಕಣ್ಣು ಬಿಡಿ, ಇವತ್ತಿಗೆ ಇಷ್ಟು ಸಾಕು' ಎನ್ನುವ ದನಿ ಬೇಕು. ತಮ್ಮ ಮೈಯೇ ಹಿಂಸೆಯ ನೆನಪಾಗಿರುವವರಿಗೆ ಕಣ್ಣು ಮುಚ್ಚಿ ಮೈಯನ್ನು ಗಮನಿಸುವುದೇ ಯಾತನೆಯಾಗಬಹುದು. ಅವರಿಗೆ ನಿಲ್ಲಿಸುವ ಅನುಮತಿ ಪಠ್ಯದೊಳಗೇ ಇರಬೇಕು.

ಆ ದನಿ ಸಿದ್ಧವಾಗುವವರೆಗೆ, ಸಲಹೆ ಕೊಡುವವರಲ್ಲಿ ನನ್ನದೊಂದು ಬೇಡಿಕೆ. ಯಾರಾದರೂ ನೋಯುತ್ತಿದೆ ಎಂದಾಗ ಮೊದಲು ಎಲ್ಲಿ ಎಂದು ಕೇಳಿ. ಎಷ್ಟು ದಿನದಿಂದ, ಹೇಗೆ ನೋಯುತ್ತದೆ, ಏನು ಮಾಡಿದರೆ ಹೆಚ್ಚುತ್ತದೆ ಎಂದು ಕೇಳಿ. ವೈದ್ಯರಾಗಿದ್ದರೆ ನೋಯುವ ಜಾಗವನ್ನು ಮುಟ್ಟಿ ನೋಡಿ. ಗೈಡ್ ಆಗಿದ್ದರೆ ಕುರ್ಚಿ ಬದಲಿಸಿಕೊಡಿ. ಮಾಲೀಕರಾಗಿದ್ದರೆ ಬಿಡುವು ಕೊಡಿ. ಅಷ್ಟೆಲ್ಲ ಆದ ಮೇಲೂ ನೋವು ಉಳಿದರೆ, ಉಳಿಯುತ್ತದೆ ಕೂಡ, ಆಗ ಧ್ಯಾನದ ಮಾತೆತ್ತಿ. ಅದು ಅಷ್ಟು ಹೊತ್ತು ಕಾಯಬಲ್ಲದು. ಕಾಯುವುದನ್ನು ಕಲಿಸುವುದೇ ಅದರ ಕೆಲಸ ತಾನೆ.